ಸಾಲದಲ್ಲಿ ಮುಳುಗಿದ್ದ ಕೋಬರ್ಗಿನ ಡ್ಯೂಕ್ ಫ್ರಾಂಟ್ಸ್: ಅವನ ಮಕ್ಕಳಿಗೆ ಯುರೋಪಿನ ಸಿಂಹಾಸನಗಳು ಒಲಿದದ್ದು ಹೇಗೆ?

ಪ್ರಶ್ನೆ: ವಂಶಾವಳಿ_ಓದುಗ

ಮಾನ್ಯ ಸದಸ್ಯರಿಗೆ ನಮಸ್ಕಾರ. ಬ್ರಿಟನ್ನಿನ ವಿಕ್ಟೋರಿಯಾ ರಾಣಿ, ಆಕೆಯ ಪತಿ ಆಲ್ಬರ್ಟ್, ಬೆಲ್ಜಿಯಂನ ಮೊದಲ ದೊರೆ ಲಿಯೋಪೋಲ್ಡ್, ಪೋರ್ಚುಗಲ್ಲಿನ ಎರಡನೇ ಫರ್ಡಿನಂಡ್, ಬಲ್ಗೇರಿಯಾದ ತ್ಸಾರ್ ಫರ್ಡಿನಂಡ್ ಇವರೆಲ್ಲರ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಎಲ್ಲ ಎಳೆಗಳೂ ಒಬ್ಬನೇ ವ್ಯಕ್ತಿಯಲ್ಲಿ ಬಂದು ಕೂಡುತ್ತವೆ. ಅವನು ಸ್ಯಾಕ್ಸ್-ಕೋಬರ್ಗ್-ಸಾಲ್ಫೆಲ್ಡ್ ಎಂಬ ಪುಟ್ಟ ಜರ್ಮನ್ ಸಂಸ್ಥಾನದ ಡ್ಯೂಕ್ ಫ್ರಾಂಟ್ಸ್ ಫ್ರೀಡ್ರಿಕ್ ಆಂಟೋನ್. 1750ರ ಜುಲೈ 15ರಂದು ಕೋಬರ್ಗಿನಲ್ಲಿ ಹುಟ್ಟಿ, 1800ರಲ್ಲಿ ತಂದೆ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದು, 1806ರ ಡಿಸೆಂಬರ್ 9ರಂದು ತೀರಿಕೊಂಡವನು. ಆಳಿದ್ದು ಆರು ವರ್ಷ ಮಾತ್ರ.

ಅವನ ಬಗ್ಗೆ ಹುಡುಕಿದಾಗ ಸಿಗುವುದು ಹೆಚ್ಚಾಗಿ ಮಕ್ಕಳ ಕತೆಯೇ. ಯುದ್ಧ ಗೆದ್ದವನಲ್ಲ, ರಾಜ್ಯ ವಿಸ್ತರಿಸಿದವನಲ್ಲ, ಮನೆತನದ ಬೊಕ್ಕಸವಂತೂ ಬರಿದಾಗಿತ್ತು. ಇಂಥವನ ಮಗಳು ರಷ್ಯಾದ ಸಾಮ್ರಾಜ್ಞಿಯ ಮೊಮ್ಮಗನ ಕೈಹಿಡಿದದ್ದು, ಇನ್ನೊಬ್ಬ ಮಗಳು ಬ್ರಿಟನ್ನಿನ ರಾಜಕುಮಾರನ ಹೆಂಡತಿಯಾದದ್ದು, ಕಿರಿಯ ಮಗ ಒಂದು ಹೊಸ ದೇಶಕ್ಕೆ ರಾಜನಾದದ್ದು ಇವೆಲ್ಲ ಹೇಗೆ ಸಾಧ್ಯವಾದವು? ಇದರಲ್ಲಿ ಡ್ಯೂಕನ ಸ್ವಂತ ಪಾತ್ರ ಎಷ್ಟು, ಅವನ ಪತ್ನಿಯ ಪಾತ್ರ ಎಷ್ಟು, ಕಾಲದ ಪಾತ್ರ ಎಷ್ಟು ಎಂಬುದನ್ನು ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ_ದಫ್ತರ

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಮೊದಲು ನೋಡಬೇಕಾದದ್ದು ಮನೆತನದ ಸ್ಥಾನಮಾನವನ್ನು, ಹಣವನ್ನಲ್ಲ ಎಂಬುದು ನನ್ನ ಅಭಿಪ್ರಾಯ. ಕೋಬರ್ಗಿನವರು ವೆಟ್ಟಿನ್ ಎಂಬ ಅತಿ ಹಳೆಯ ವಂಶದ ಒಂದು ಕವಲು. 1485ರಲ್ಲಿ ಆ ವಂಶ ಎರ್ನೆಸ್ಟೈನ್ ಮತ್ತು ಆಲ್ಬರ್ಟೈನ್ ಎಂದು ಎರಡಾಗಿ ಒಡೆಯಿತು. ಆಲ್ಬರ್ಟೈನ್ ಕವಲಿಗೆ ಮುಂದೆ ಸ್ಯಾಕ್ಸನಿಯ ದೊಡ್ಡ ರಾಜ್ಯ ಉಳಿಯಿತು. ಎರ್ನೆಸ್ಟೈನರು ಮಾತ್ರ ಪ್ರತಿ ತಲೆಮಾರಿನಲ್ಲೂ ಅಣ್ಣತಮ್ಮಂದಿರಿಗೆ ಪಾಲು ಹಂಚುತ್ತ ಹೋದರು. ಗೋಥಾದ ಡ್ಯೂಕ್ ಎರ್ನ್ಸ್ಟ್ 1675ರಲ್ಲಿ ತೀರಿಕೊಂಡಾಗ ಅವನಿಗೆ ಏಳು ಮಂದಿ ಗಂಡುಮಕ್ಕಳಿದ್ದರು. 1680ರಲ್ಲಿ ಆಸ್ತಿ ಏಳು ಭಾಗವಾಯಿತು. ಕಿರಿಯವನ ಪಾಲಿಗೆ ಬಂದ ಸಾಲ್ಫೆಲ್ಡಿಗೆ ಮುಂದೆ ದಾಯಾದಿಗಳೊಡನೆ ದೀರ್ಘ ವ್ಯಾಜ್ಯದ ನಂತರ ಕೋಬರ್ಗ್ ಸೇರಿಕೊಂಡಿತು. ಹೀಗೆ ಹುಟ್ಟಿದ್ದು ಫ್ರಾಂಟ್ಸನ ಸಂಸ್ಥಾನ. ಹದಿನೆಂಟನೆಯ ಶತಮಾನದ ನಡುವೆ, ಅವನ ಅಜ್ಜನ ಕಾಲದಲ್ಲಿ, ಹಿರಿಯ ಮಗನಿಗೆ ಮಾತ್ರ ಪಟ್ಟ ಎಂಬ ನಿಯಮ ಬಂದದ್ದರಿಂದ ಅದು ಮತ್ತಷ್ಟು ಚೂರಾಗದೆ ಉಳಿಯಿತು.

ಈ ಸಂಸ್ಥಾನ ಎಷ್ಟೇ ಚಿಕ್ಕದಾದರೂ ಅದರ ಡ್ಯೂಕನ ಮೇಲೆ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯೊಬ್ಬನನ್ನು ಬಿಟ್ಟು ಬೇರೆ ಒಡೆಯರಿರಲಿಲ್ಲ. ಆ ಕಾಲದ ರಾಜಮನೆತನಗಳಲ್ಲಿ ಮದುವೆಗೆ ಸಮಾನ ಜನ್ಮ ಬೇಕೆಂಬ ಕಟ್ಟುನಿಟ್ಟಾದ ನಿಯಮವಿತ್ತು. ಕೋಟಿಗಟ್ಟಲೆ ಆಸ್ತಿಯಿದ್ದ ಜಮೀನುದಾರನ ಮಗಳು ಆ ನಿಯಮಕ್ಕೆ ಹೊಂದುತ್ತಿರಲಿಲ್ಲ, ಸಾಲಗಾರನಾದ ಡ್ಯೂಕನ ಮಗಳು ಹೊಂದುತ್ತಿದ್ದಳು. ಇದರ ಜೊತೆಗೆ ಚಿಕ್ಕ ಸಂಸ್ಥಾನಕ್ಕೆ ಇನ್ನೊಂದು ಅನುಕೂಲವೂ ಇತ್ತು. ಫ್ರಾನ್ಸಿನಿಂದಲೋ ಆಸ್ಟ್ರಿಯಾದಿಂದಲೋ ಹೆಣ್ಣು ತಂದರೆ ಆ ದೇಶದ ರಾಜಕಾರಣವೂ ಅರಮನೆಯೊಳಗೆ ಬರುತ್ತಿತ್ತು, ಕೋಬರ್ಗಿನಿಂದ ತಂದರೆ ಅಂಥ ಭಯವಿರಲಿಲ್ಲ. ಲೂಥರನ್ ಪಂಥದ ಜರ್ಮನ್ ರಾಜಕುಮಾರಿಯರು ಅಗತ್ಯಬಿದ್ದರೆ ಆರ್ಥೊಡಾಕ್ಸ್ ಮತಕ್ಕೆ ಸೇರಲು ಒಪ್ಪುತ್ತಿದ್ದರು ಎಂಬುದೂ ರಷ್ಯಾದವರಿಗೆ ಮುಖ್ಯವಾಗಿತ್ತು. ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ ಸ್ವತಃ ಆನ್‌ಹಾಲ್ಟ್-ಸೆರ್ಬ್ಸ್ಟ್ ಎಂಬ ಪುಟ್ಟ ಜರ್ಮನ್ ಮನೆತನದಿಂದ ಹೋದವಳು.

ಇನ್ನು ಸಾಲದ ವಿಷಯ. ಫ್ರಾಂಟ್ಸನ ತಂದೆ ಎರ್ನ್ಸ್ಟ್ ಫ್ರೀಡ್ರಿಕನ ಕಾಲದಲ್ಲಿ ಸಾಲ ಹತ್ತು ಲಕ್ಷ ತಾಲರ್ (ಅಂದಿನ ಜರ್ಮನ್ ಬೆಳ್ಳಿ ನಾಣ್ಯ) ದಾಟಿತ್ತು; ಸಂಸ್ಥಾನದ ವಾರ್ಷಿಕ ಆದಾಯ ಅದರ ಹತ್ತನೆಯ ಒಂದು ಭಾಗದಷ್ಟೂ ಇರಲಿಲ್ಲ. 1773ರಲ್ಲಿ ಚಕ್ರವರ್ತಿ ಸಾಲ ತೀರಿಸುವ ಆಯೋಗವೊಂದನ್ನು ನೇಮಿಸಿದ. ಆಡಳಿತ ನಡೆಸುವ ಡ್ಯೂಕನಿಗೆ ಇಷ್ಟು ಹಣ ವರ್ಷಕ್ಕೆ, ಉಳಿದದ್ದು ಸಾಹುಕಾರರಿಗೆ ಎಂಬ ಏರ್ಪಾಡು ಅದು. ಅಂದರೆ ಇಪ್ಪತ್ತಮೂರನೆಯ ವಯಸ್ಸಿನಿಂದ ಐವತ್ತು ದಾಟುವ ತನಕ, ಯುವರಾಜನಾಗಿಯೂ ಡ್ಯೂಕನಾಗಿಯೂ, ಫ್ರಾಂಟ್ಸ್ ಬದುಕಿದ್ದು ಆಯೋಗದ ನೆರಳಿನಲ್ಲೇ. ಅವನಿಗೆ ವಿಸ್ತಾರದ ಕನಸು ಇರಲಿಲ್ಲವೇಕೆ ಎಂದು ಕೇಳುವವರು ಇದನ್ನು ನೆನಪಿಡಬೇಕು.

ಮನೆತನಕ್ಕೆ ಹೆಸರು ತಂದವನು ಅವನ ಚಿಕ್ಕಪ್ಪ ಫ್ರೀಡ್ರಿಕ್ ಯೋಸಿಯಾಸ್. ಆಸ್ಟ್ರಿಯಾದ ಸೇನಾಪತಿಯಾಗಿ 1789ರಲ್ಲಿ ರಷ್ಯಾದ ಸುವೊರೊವನ ಜೊತೆಗೂಡಿ ಫೊಕ್ಷಾನಿ ಮತ್ತು ರಿಮ್ನಿಕ್ ಕದನಗಳಲ್ಲಿ ತುರ್ಕರನ್ನು ಸೋಲಿಸಿದ. 1793ರಲ್ಲಿ ನೀರ್ವಿಂಡನ್‌ನಲ್ಲಿ ಫ್ರೆಂಚರನ್ನು ಗೆದ್ದು, ಮರುವರ್ಷ ಫ್ಲೂರುಸ್‌ನಲ್ಲಿ ಸೋತ. ಕೋಬರ್ಗ್ ಎಂಬ ಹೆಸರನ್ನು ಪೀಟರ್ಸ್‌ಬರ್ಗಿನ ಅರಮನೆಯಲ್ಲಿ ಮೊದಲು ಕೇಳಿಸಿದ್ದು ಈ ಗೆಲುವುಗಳೇ.

ಉತ್ತರ: ಶರಾವತಿ_ತೀರ

ಮೇಲಿನ ಉತ್ತರದಲ್ಲಿ ಹೇಳಿದ ಸ್ಥಾನಮಾನದ ಮಾತನ್ನು ಒಪ್ಪುತ್ತೇನೆ. ಆದರೆ ಅಂಥ ಸ್ಥಾನಮಾನವಿದ್ದ ಸಂಸ್ಥಾನಗಳು ಜರ್ಮನಿಯಲ್ಲಿ ಹಲವಾರು ಇದ್ದವು, ಅವೆಲ್ಲವೂ ಕೋಬರ್ಗ್ ಆಗಲಿಲ್ಲ. ವ್ಯತ್ಯಾಸ ತಂದವರು ಆ ಮನೆಯ ಹೆಂಗಸರು. ಅವರಲ್ಲಿ ಇಬ್ಬರ ಬಗ್ಗೆ ಬರೆಯದೆ ಈ ಚರ್ಚೆ ಪೂರ್ಣವಾಗದು.

ಮೊದಲನೆಯವಳು ಡಚೆಸ್ ಆಗಸ್ಟಾ. ಆಕೆ ಫ್ರಾಂಟ್ಸನ ಎರಡನೆಯ ಹೆಂಡತಿ. ಮೊದಲ ಹೆಂಡತಿ, ಹಿಲ್ಡ್‌ಬುರ್ಗ್‌ಹೌಸನ್ನಿನ ಎರ್ನೆಸ್ಟೀನೆ, 1776ರ ಮಾರ್ಚ್‌ನಲ್ಲಿ ಮದುವೆಯಾಗಿ ಬಂದು ಅದೇ ಅಕ್ಟೋಬರ್‌ನಲ್ಲಿ ತೀರಿಹೋದಳು. ಆಕೆಗೆ ಆಗ ಹದಿನಾರು ವರ್ಷ. 1777ರ ಜೂನ್ 13ರಂದು ಫ್ರಾಂಟ್ಸ್ ಎಬರ್ಸ್‌ಡೋರ್ಫಿನ ರಾಯ್ಸ್ ಮನೆತನದ ಆಗಸ್ಟಾಳನ್ನು ವರಿಸಿದ. ಕೋಬರ್ಗಿಗಿಂತಲೂ ಚಿಕ್ಕ ಮನೆತನ ಅದು; ಅಲ್ಲಿನ ಗಂಡುಮಕ್ಕಳಿಗೆಲ್ಲ ಹೈನ್ರಿಕ್ ಎಂಬ ಒಂದೇ ಹೆಸರಿಟ್ಟು ಸಂಖ್ಯೆಯಿಂದ ಗುರುತಿಸುವುದು ವಾಡಿಕೆ, ಆಗಸ್ಟಾಳ ತಂದೆ ಇಪ್ಪತ್ತನಾಲ್ಕನೆಯ ಹೈನ್ರಿಕ್. ಮದುವೆಗೆ ಮುನ್ನ ಚಿತ್ರಕಾರ ಟಿಶ್‌ಬೈನ್ ಆಕೆಯನ್ನು ಪುರಾತನ ರಾಣಿ ಆರ್ಟೆಮಿಸಿಯಾಳ ರೂಪದಲ್ಲಿ ಚಿತ್ರಿಸಿದ್ದ. ಮಗಳಿಗೆ ತಕ್ಕ ವರ ಸಿಗಲೆಂದು ತಂದೆಯೇ ಆ ಪಟವನ್ನು ಬರೆಸಿದನೆಂದು ಹೇಳುತ್ತಾರೆ.

ಆಗಸ್ಟಾಳಿಗೆ ಬದುಕಿ ಬೆಳೆದ ಮಕ್ಕಳು ಏಳು: ಸೋಫಿ, ಆಂಟೊನೆಟ್, ಯೂಲಿಯಾನೆ, ಎರ್ನ್ಸ್ಟ್, ಫರ್ಡಿನಂಡ್, ವಿಕ್ಟೋರಿಯಾ, ಲಿಯೋಪೋಲ್ಡ್. ಆರನೆಯ ವಯಸ್ಸಿನ ಸುಮಾರಿಗೆ ಮರಿಯಾನೆ ಎಂಬ ಮಗಳನ್ನೂ, ಹುಟ್ಟಿದ ವರ್ಷದೊಳಗೋ ಮರುವರ್ಷವೋ ಮಾಕ್ಸಿಮಿಲಿಯನ್ ಎಂಬ ಮಗನನ್ನೂ ಆಕೆ ಕಳೆದುಕೊಂಡಳು. ಗಂಡ ಮೃದು ಸ್ವಭಾವದವನು, ಪುಸ್ತಕ ಮತ್ತು ಚಿತ್ರಗಳಲ್ಲಿ ಮುಳುಗಿದವನು. ಮಕ್ಕಳ ಮದುವೆ, ಪ್ರಯಾಣ, ಪತ್ರವ್ಯವಹಾರ ಇವುಗಳ ಹೊಣೆಯನ್ನು ಗಟ್ಟಿಯಾಗಿ ಹೊತ್ತವಳು ಆಗಸ್ಟಾ. ಆಕೆ ಬರೆದಿಟ್ಟ ದಿನಚರಿ ಆ ಕಾಲದ ಕೋಬರ್ಗನ್ನು ತಿಳಿಯಲು ಒಂದು ಮುಖ್ಯ ಆಧಾರ.

ಎರಡನೆಯವಳು ಯೂಲಿಯಾನೆ, ಮತ್ತು ನನಗೆ ಈ ಇಡೀ ಕತೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಡುವವಳು ಈಕೆಯೇ. 1795ರಲ್ಲಿ ಕ್ಯಾಥರೀನ್ ತನ್ನ ಎರಡನೆಯ ಮೊಮ್ಮಗ ಕಾನ್‌ಸ್ಟಂಟೀನನಿಗೆ ಹೆಣ್ಣು ನೋಡಲು ಆಗಸ್ಟಾಳನ್ನೂ ಮೂವರು ಹಿರಿಯ ಹೆಣ್ಣುಮಕ್ಕಳನ್ನೂ ಪೀಟರ್ಸ್‌ಬರ್ಗಿಗೆ ಕರೆಸಿಕೊಂಡಳು. ಆಯ್ಕೆಯಾದದ್ದು ಮೂವರಲ್ಲಿ ಕಿರಿಯವಳಾದ ಯೂಲಿಯಾನೆ. ತಾಯಿ ಉಳಿದಿಬ್ಬರನ್ನು ಕರೆದುಕೊಂಡು ಊರಿಗೆ ಮರಳಿದಳು. ಆ ಹುಡುಗಿ ಪರದೇಶದಲ್ಲಿ ಒಬ್ಬಳೇ ಉಳಿದು, ಮತ ಬದಲಿಸಿ, ಆನ್ನಾ ಫ್ಯೊಡೊರೊವ್ನಾ ಎಂಬ ಹೊಸ ಹೆಸರು ಹೊತ್ತು, 1796ರ ಫೆಬ್ರವರಿಯಲ್ಲಿ ಮದುವೆಯಾದಳು. ಆಕೆಗೆ ಹದಿನಾಲ್ಕು ವರ್ಷ, ಗಂಡನಿಗೆ ಹದಿನಾರು. ಕಾನ್‌ಸ್ಟಂಟೀನ್ ಒರಟ, ಕ್ರೂರವಾಗಿ ನಡೆದುಕೊಳ್ಳುತ್ತಿದ್ದವನು. ಅರಮನೆಯಲ್ಲಿ ಆಕೆಗೆ ಆಸರೆಯಾಗಿದ್ದವಳು ಭಾವ ಅಲೆಕ್ಸಾಂಡರನ ಹೆಂಡತಿ, ತಾನೂ ಜರ್ಮನಿಯ ಬಾಡೆನ್‌ನಿಂದ ಬಂದಿದ್ದ ಎಲಿಜಬೆತ್. 1799ರಲ್ಲಿ ಒಮ್ಮೆ ಚಿಕಿತ್ಸೆಯ ನೆಪದಲ್ಲಿ ತವರಿಗೆ ಬಂದಾಗ ಬಂಧುಗಳು ಆಕೆಯನ್ನು ತಿರುಗಿ ಕಳುಹಿಸಿದರು. 1801ರಲ್ಲಿ ಹೊರಟವಳು ಮತ್ತೆ ರಷ್ಯಾಕ್ಕೆ ಬಾಳಲು ಹೋಗಲಿಲ್ಲ. ವಿಚ್ಛೇದನ ಸಿಕ್ಕಿದ್ದು 1820ರಲ್ಲಿ. ಅಷ್ಟರಲ್ಲಿ ಆಕೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಬಳಿ ಆರೆ ನದಿಯ ದಂಡೆಯಲ್ಲಿ ಎಲ್ಫೆನೌ ಎಂಬ ಮನೆ ಮಾಡಿಕೊಂಡಿದ್ದಳು. ಸಂಗೀತಗಾರರನ್ನು ಕರೆಸಿ ಗೋಷ್ಠಿ ನಡೆಸುತ್ತ 1860ರವರೆಗೆ ಬದುಕಿದಳು.

ತವರಿನವರು ಆಕೆಯನ್ನು ತಿರುಗಿ ಕಳುಹಿಸಿದ್ದು ಕೇವಲ ಮರ್ಯಾದೆಗೆ ಅಂಜಿ ಅಲ್ಲ. ಆ ಮದುವೆಯಿಂದ ಬಂದ ನೆಂಟಸ್ತಿಕೆಯ ಮೇಲೆ ಅಣ್ಣತಮ್ಮಂದಿರ ಭವಿಷ್ಯವೆಲ್ಲ ನಿಂತಿತ್ತು. ಲಿಯೋಪೋಲ್ಡನಿಗೆ ಆರನೆಯ ವಯಸ್ಸಿನಲ್ಲೇ ರಷ್ಯಾದ ಇಜ್ಮೈಲೊವ್ಸ್ಕಿ ದಳದ ಕರ್ನಲ್ ಪದವಿ ದೊರೆತದ್ದು ಅಕ್ಕನ ಕಾರಣದಿಂದ. ಈ ಮನೆತನದ ಏಳಿಗೆಯನ್ನು ಹೊಗಳುವವರು ಅದಕ್ಕೆ ಬೆಲೆ ತೆತ್ತ ಹುಡುಗಿಯ ಹೆಸರನ್ನು ಮೊದಲು ಹೇಳಬೇಕು ಎಂಬುದು ನನ್ನ ದೃಢವಾದ ನಿಲುವು.

ಪ್ರಶ್ನೆ ಕೇಳಿದವರು: ವಂಶಾವಳಿ_ಓದುಗ

ಇಬ್ಬರಿಗೂ ಕೃತಜ್ಞತೆಗಳು. ಯೂಲಿಯಾನೆಯ ವಿಷಯ ಇಷ್ಟು ವಿವರವಾಗಿ ನನಗೆ ತಿಳಿದಿರಲಿಲ್ಲ. ಡ್ಯೂಕ್ ಫ್ರಾಂಟ್ಸನ ಸ್ವಂತ ಆಡಳಿತದ ಬಗ್ಗೆ, ಅವನ ಚಿತ್ರಸಂಗ್ರಹದ ಬಗ್ಗೆ ಯಾರಾದರೂ ಬರೆಯಬಹುದೆ? 1806ರಲ್ಲಿ ನೆಪೋಲಿಯನ್ನನ ಸೇನೆ ಆ ಭಾಗಕ್ಕೆ ನುಗ್ಗಿದಾಗ ಸಂಸ್ಥಾನ ಉಳಿದದ್ದು ಹೇಗೆ ಎಂಬುದೂ ಸ್ಪಷ್ಟವಾಗಬೇಕಿದೆ.

ಉತ್ತರ: ಕೆತ್ತನೆ_ಮತ್ತು_ಕಾಗದ

ಚಿತ್ರಸಂಗ್ರಹದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಫ್ರಾಂಟ್ಸನ ನಿಜವಾದ ಜೀವನಕಾರ್ಯ ಅದೇ ಎಂದು ನಂಬಿದ್ದೇನೆ.

ಸಾಲದ ಆಯೋಗದ ಕೆಳಗಿದ್ದ ಯುವರಾಜನಿಗೆ ದೊಡ್ಡ ತೈಲಚಿತ್ರಗಳನ್ನೂ ಅಮೃತಶಿಲೆಯ ಪ್ರತಿಮೆಗಳನ್ನೂ ಕೊಳ್ಳುವ ಶಕ್ತಿಯಿರಲಿಲ್ಲ. ಅವನು ಆರಿಸಿಕೊಂಡದ್ದು ಕಾಗದದ ಮೇಲೆ ಅಚ್ಚಾದ ಚಿತ್ರಗಳನ್ನು: ಮರದ ಅಚ್ಚಿನವು, ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆದು ಶಾಯಿ ತುಂಬಿ ಒತ್ತಿದವು, ಆಮ್ಲದಿಂದ ಗೆರೆ ಮೂಡಿಸಿದವು. ಒಂದೇ ತಗಡಿನಿಂದ ಹಲವು ಪ್ರತಿಗಳು ತೆಗೆಯಬಹುದಾದ್ದರಿಂದ ಡ್ಯೂರರ್, ಕ್ರಾನಾಕ್, ರೆಂಬ್ರಾಂಟ್ ಅವರಂಥ ಮಹಾನ್ ಕಲಾವಿದರ ಕೆಲಸವೂ ಈ ರೂಪದಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತಿತ್ತು. 1775ರ ಸುಮಾರಿಗೆ ಆರಂಭಿಸಿ ಸಾಯುವ ತನಕ ಅವನು ಇವನ್ನು ಕೂಡಿಸಿದ. ಇಂದು ಕೋಬರ್ಗಿನ ಬೆಟ್ಟದ ಮೇಲಿನ ಕೋಟೆಯಲ್ಲಿರುವ ಮುದ್ರಣಚಿತ್ರಗಳ ಭಂಡಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಾಳೆಗಳಿವೆ, ಜರ್ಮನಿಯ ದೊಡ್ಡ ಸಂಗ್ರಹಗಳಲ್ಲಿ ಅದೂ ಒಂದು. ಅದರ ತಳಹದಿ ಫ್ರಾಂಟ್ಸ್ ಹಾಕಿದ್ದು. ಪುಸ್ತಕಗಳನ್ನೂ ಅವನು ಅಷ್ಟೇ ಪ್ರೀತಿಯಿಂದ ಕೂಡಿಟ್ಟ. ರಾಜಮನೆತನಗಳ ಸಂಗ್ರಹಗಳು ಎಷ್ಟೋ ಬಾರಿ ಹರಾಜಿಗೆ ಹೋಗಿ ಚದುರಿಹೋಗುತ್ತವೆ. ಈ ಹಾಳೆಗಳು ಅವನ ಊರಿನಲ್ಲೇ, ಸಾರ್ವಜನಿಕರು ನೋಡುವ ಹಾಗೆ ಉಳಿದಿರುವುದು ಸಣ್ಣ ಮಾತಲ್ಲ.

ಆಡಳಿತದ ವಿಷಯಕ್ಕೆ ಬಂದರೆ, 1801ರಲ್ಲಿ ಅವನು ಥಿಯೊಡೋರ್ ಫಾನ್ ಕ್ರೆಟ್ಶ್‌ಮನ್ ಎಂಬ ಅಧಿಕಾರಿಯನ್ನು ಮಂತ್ರಿಯಾಗಿ ನೇಮಿಸಿಕೊಂಡ. ಕ್ರೆಟ್ಶ್‌ಮನ್ ಹಣಕಾಸನ್ನು ಒಂದೇ ಕೈಯಲ್ಲಿ ತಂದು, ಕಚೇರಿಗಳನ್ನು ಹೊಸದಾಗಿ ವ್ಯವಸ್ಥೆಗೊಳಿಸಿದ. 1802ರಲ್ಲಿ ಸಾಲದ ಆಯೋಗವೂ ಕೊನೆಗೊಂಡಿತು. ಆದರೆ ಅವನು ಹಳೆಯ ಹಕ್ಕುಗಳನ್ನು ಲೆಕ್ಕಿಸದೆ ಆಜ್ಞೆಗಳನ್ನು ಹೇರುತ್ತಿದ್ದ. ಪ್ರಜಾವರ್ಗಗಳ ಪ್ರತಿನಿಧಿ ಸಭೆಯೊಡನೆ ಜಗಳವಾಯಿತು, ಸಾಲ್ಫೆಲ್ಡ್ ಭಾಗದಲ್ಲಿ ಜನ ತಿರುಗಿಬಿದ್ದರು, ನಿವೃತ್ತನಾಗಿ ಕೋಬರ್ಗಿನಲ್ಲಿದ್ದ ಚಿಕ್ಕಪ್ಪ ಫ್ರೀಡ್ರಿಕ್ ಯೋಸಿಯಾಸನೇ ಮಂತ್ರಿಯನ್ನು ಬಹಿರಂಗವಾಗಿ ವಿರೋಧಿಸಿದ. ಡ್ಯೂಕ್ ಕೊನೆಯವರೆಗೂ ಮಂತ್ರಿಯನ್ನು ಬಿಟ್ಟುಕೊಡಲಿಲ್ಲ. ಇದರಲ್ಲಿ ನನಗೆ ಕಾಣುವುದು ಮೂವತ್ತು ವರ್ಷ ಬೇರೆಯವರ ಲೆಕ್ಕಪತ್ರದ ಕೆಳಗೆ ಬದುಕಿದವನ ಹಟ. ಸಾಲದಿಂದ ಬಿಡುಗಡೆ ಕೊಡಿಸಿದವನನ್ನು ಅವನು ಹೇಗೆ ತಾನೇ ಕೈಬಿಟ್ಟಾನು? ಆದರೆ ಅದಕ್ಕಾಗಿ ಪ್ರಜೆಗಳ ಮೇಲೆ ಸೈನಿಕರನ್ನು ಕಳುಹಿಸಿದ್ದನ್ನು ಸಮರ್ಥಿಸಲಾಗದು.

1805ರಲ್ಲಿ ಕೋಬರ್ಗ್ ಬಳಿಯ ರೋಸೆನೌ ಎಂಬ ಹಳೆಯ ಕೋಟೆಮನೆಯನ್ನು ಅವನು ಮನೆತನಕ್ಕೆ ಮರಳಿ ಪಡೆದ. ಮುಂದೆ ಮಗ ಎರ್ನ್ಸ್ಟ್ ಅದನ್ನು ಗಾಥಿಕ್ ಶೈಲಿಯಲ್ಲಿ ಹೊಸದಾಗಿ ಕಟ್ಟಿಸಿದ. 1819ರ ಆಗಸ್ಟ್ 26ರಂದು ಎರ್ನ್ಸ್ಟನ ಮಗ ಆಲ್ಬರ್ಟ್ ಹುಟ್ಟಿದ್ದು ಅಲ್ಲಿಯೇ. ಇಲ್ಲೊಂದು ವಿಷಯವನ್ನು ಸೇರಿಸಬೇಕೆನಿಸುತ್ತದೆ: ಅದೇ ವರ್ಷದ ಮೇ 24ರಂದು ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ, ಮುಂದೆ ರಾಣಿಯಾದ ವಿಕ್ಟೋರಿಯಾ ಹುಟ್ಟಿದಾಗ ಹೆರಿಗೆ ಮಾಡಿಸಿದ ಜರ್ಮನ್ ವೈದ್ಯೆ ಶಾರ್ಲಟ್ ಫಾನ್ ಸೀಬೋಲ್ಡ್, ಮೂರು ತಿಂಗಳ ಮೇಲೆ ರೋಸೆನೌನಲ್ಲಿ ಆಲ್ಬರ್ಟನ ಹೆರಿಗೆಯನ್ನೂ ಮಾಡಿಸಿದಳು.

ಉತ್ತರ: ಹಳೆಯ_ದಫ್ತರ

1806ರ ಬಗ್ಗೆ ಕೇಳಿದ್ದೀರಿ. ಆ ವರ್ಷದ ಅಕ್ಟೋಬರ್ 10ರಂದು ಫ್ರೆಂಚ್ ಸೇನೆಗೂ ಪ್ರಷ್ಯನ್ನರಿಗೂ ಸಾಲ್ಫೆಲ್ಡಿನಲ್ಲೇ ಕದನ ನಡೆದು ಪ್ರಷ್ಯಾದ ರಾಜಕುಮಾರ ಲೂಯಿ ಫರ್ಡಿನಂಡ್ ಹತನಾದ. ಕಾಯಿಲೆಯಲ್ಲಿದ್ದ ಫ್ರಾಂಟ್ಸ್ ಮತ್ತು ಆಗಸ್ಟಾ ಆಗ ಸಾಲ್ಫೆಲ್ಡಿನ ಅರಮನೆಯಲ್ಲಿದ್ದರು. ನಾಲ್ಕು ದಿನಗಳ ಮೇಲೆ ಯೇನಾದಲ್ಲಿ ಪ್ರಷ್ಯಾ ನೆಲಕಚ್ಚಿತು. ಎರಡು ತಿಂಗಳೊಳಗೆ ಡ್ಯೂಕ್ ಕೋಬರ್ಗಿನಲ್ಲಿ ತೀರಿಕೊಂಡ, ಅದಾಗಿ ಆರು ದಿನಕ್ಕೆ, ಡಿಸೆಂಬರ್ 15ರಂದು, ಸಂಸ್ಥಾನ ನೆಪೋಲಿಯನ್ನನ ಆಶ್ರಯದ ಜರ್ಮನ್ ಸಂಸ್ಥಾನಗಳ ಕೂಟವಾದ ರೈನ್ ಒಕ್ಕೂಟಕ್ಕೆ ಸೇರಿತು. ಆದರೆ ಪಟ್ಟಕ್ಕೆ ಬರಬೇಕಾದ ಎರ್ನ್ಸ್ಟ್ ಪ್ರಷ್ಯಾದ ಪಕ್ಷದಲ್ಲಿದ್ದ ಕಾರಣಕ್ಕೆ ಫ್ರೆಂಚರು ಕೋಬರ್ಗನ್ನು ವಶಪಡಿಸಿಕೊಂಡು ತಮ್ಮ ಅಧಿಕಾರಿಯಿಂದ ಆಳಿಸಿದರು. 1807ರ ಜುಲೈನ ಟಿಲ್ಸಿಟ್ ಒಪ್ಪಂದದಲ್ಲಿ ರಷ್ಯಾದ ತ್ಸಾರ್ ಒತ್ತಾಯಿಸಿದ್ದರಿಂದ ಎರ್ನ್ಸ್ಟನಿಗೆ ಸಂಸ್ಥಾನ ಮರಳಿ ಸಿಕ್ಕಿತು. ಆ ತ್ಸಾರ್ ಅಲೆಕ್ಸಾಂಡರ್ ಯೂಲಿಯಾನೆಯ ಭಾವ. ಹಾಗಾಗಿ ಶರಾವತಿ_ತೀರ ಅವರ ನಿಲುವಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಸಂಸ್ಥಾನವನ್ನು ಉಳಿಸಿದ್ದು ಆಕೆಯ ಮದುವೆಯೇ.

ಅಲ್ಲಿಂದ ಮುಂದಿನದು ಮಕ್ಕಳ ಕಾಲ. ರಷ್ಯಾದ ಸೇನೆಯಲ್ಲಿದ್ದ ಲಿಯೋಪೋಲ್ಡ್ 1814ರಲ್ಲಿ ತ್ಸಾರನ ಪರಿವಾರದೊಡನೆ ಲಂಡನ್ನಿಗೆ ಹೋಗಿದ್ದಾಗ ಬ್ರಿಟನ್ನಿನ ಮುಂದಿನ ವಾರಸುದಾರಳಾದ ಶಾರ್ಲಟ್ ರಾಜಕುಮಾರಿಯ ಕಣ್ಣಿಗೆ ಬಿದ್ದ. 1816ರ ಮೇ 2ರಂದು ಮದುವೆಯಾಯಿತು. 1817ರ ನವೆಂಬರ್ 6ರಂದು, ಸತ್ತ ಗಂಡುಮಗುವನ್ನು ಹೆತ್ತ ಮರುದಿನ, ಶಾರ್ಲಟ್ ತೀರಿಹೋದಳು. ಸಿಂಹಾಸನಕ್ಕೆ ಮುಂದಿನ ತಲೆಮಾರಿನವರೇ ಇಲ್ಲದಂತಾಗಿ ಆಕೆಯ ಚಿಕ್ಕಪ್ಪಂದಿರು ಮದುವೆಗೆ ಅವಸರಪಟ್ಟರು. ಅವರಲ್ಲಿ ಒಬ್ಬನಾದ ಕೆಂಟ್ ಡ್ಯೂಕ್ ಎಡ್ವರ್ಡ್ 1818ರಲ್ಲಿ ಕೋಬರ್ಗಿಗೆ ಬಂದು ಲಿಯೋಪೋಲ್ಡನ ಅಕ್ಕ ವಿಕ್ಟೋರಿಯಾಳನ್ನು ವರಿಸಿದ. ಆಕೆ ಆಗ ವಿಧವೆ. 1803ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನಲವತ್ತರ ಲೈನಿಂಗನ್ ರಾಜಕುಮಾರನಿಗೆ ಆಕೆಯನ್ನು ಕೊಟ್ಟಿದ್ದರು, ಅವನು 1814ರಲ್ಲಿ ತೀರಿಕೊಂಡಿದ್ದ. ಎಂಟು ತಿಂಗಳ ಮಗುವನ್ನು, ಅಂದರೆ ಮುಂದಿನ ವಿಕ್ಟೋರಿಯಾ ರಾಣಿಯನ್ನು, ಬಿಟ್ಟು ಎಡ್ವರ್ಡನೂ 1820ರ ಜನವರಿಯಲ್ಲಿ ಸತ್ತ ಮೇಲೆ ಆ ತಾಯಿ-ಮಗಳಿಗೆ ಬೆಂಬಲವಾಗಿ ನಿಂತವನು ಲಿಯೋಪೋಲ್ಡ್. ಬ್ರಿಟಿಷ್ ಸರ್ಕಾರ ಅವನಿಗೆ ವರ್ಷಕ್ಕೆ 50,000 ಪೌಂಡ್ ವೇತನ ಗೊತ್ತುಮಾಡಿತ್ತು. 1830ರಲ್ಲಿ ಗ್ರೀಸಿನ ಕಿರೀಟವನ್ನು ನಿರಾಕರಿಸಿದ ಅವನು, 1831ರ ಜುಲೈ 21ರಂದು ಬೆಲ್ಜಿಯಂನ ರಾಜನಾಗಿ ಪ್ರಮಾಣ ಸ್ವೀಕರಿಸಿದ. ಅದೇ ನವೆಂಬರ್‌ನಲ್ಲಿ ತೀರಿಕೊಂಡ ಆಗಸ್ಟಾ ಅದನ್ನು ನೋಡುವಷ್ಟು ಕಾಲ ಬದುಕಿದ್ದಳು.

ಎರ್ನ್ಸ್ಟ್ 1826ರಲ್ಲಿ ಸಾಲ್ಫೆಲ್ಡನ್ನು ಬಿಟ್ಟುಕೊಟ್ಟು ಗೋಥಾ ಪಡೆದ; ಸ್ಯಾಕ್ಸ್-ಕೋಬರ್ಗ್-ಗೋಥಾ ಎಂಬ ಪ್ರಸಿದ್ಧ ಹೆಸರು ಬಂದದ್ದು ಆಗ. ಫರ್ಡಿನಂಡನ ದಾರಿ ಬೇರೆ. ಅವನು ಹಂಗೇರಿಯ ಅತಿ ಶ್ರೀಮಂತ ಕೊಹಾರಿ ಮನೆತನದ ಒಬ್ಬಳೇ ಮಗಳು ಮರಿಯಾ ಆಂಟೋನಿಯಾಳನ್ನು ಮದುವೆಯಾಗಿ, ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಿದ. ಇದರಿಂದ ಲೂಥರನ್ನರಿಗೆ ತೆರೆಯದ ಬಾಗಿಲುಗಳು ತೆರೆದವು: ಮಗ ಫರ್ಡಿನಂಡ್ 1836ರಲ್ಲಿ ಪೋರ್ಚುಗಲ್ಲಿನ ರಾಣಿ ಎರಡನೆಯ ಮರಿಯಾಳ ಪತಿಯಾದ, ಇನ್ನೊಬ್ಬ ಮಗನ ಮಗ 1887ರಲ್ಲಿ ಬಲ್ಗೇರಿಯಾಕ್ಕೆ ಆಯ್ಕೆಯಾಗಿ 1908ರಲ್ಲಿ ತ್ಸಾರ್ ಪದವಿ ಧರಿಸಿದ.

ಉತ್ತರ: ಲಾಲ್‌ಬಾಗ್_ನಡಿಗೆ

ಸಣ್ಣದೊಂದು ಸೇರ್ಪಡೆ. ಈ ವಂಶದ ಗುರುತು ನಮ್ಮ ಬೆಂಗಳೂರಿನಲ್ಲೂ ಇದೆ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ ಆಲ್ಬರ್ಟ್ ವಿಕ್ಟರ್ ರಾಜಕುಮಾರ ವಿಕ್ಟೋರಿಯಾ ಮತ್ತು ಆಲ್ಬರ್ಟರ ಮೊಮ್ಮಗ. ಆ ಇಬ್ಬರೂ ಫ್ರಾಂಟ್ಸನ ಮೊಮ್ಮಕ್ಕಳೇ ಆದ್ದರಿಂದ ಆಲ್ಬರ್ಟ್ ವಿಕ್ಟರನಿಗೆ ಅಜ್ಜ ಅಜ್ಜಿ ಇಬ್ಬರ ಕಡೆಯಿಂದಲೂ ಮೂಲಪುರುಷ ಇದೇ ಡ್ಯೂಕ್. 1906ರಲ್ಲಿ ಕಬ್ಬನ್ ಪಾರ್ಕಿನಲ್ಲಿ ವಿಕ್ಟೋರಿಯಾ ಪ್ರತಿಮೆಯನ್ನು ಅನಾವರಣ ಮಾಡಿದವನು ಅವನ ತಮ್ಮ, ಮುಂದೆ ಐದನೆಯ ಜಾರ್ಜ್ ದೊರೆಯಾದವನು.

ಉತ್ತರ: ಶರಾವತಿ_ತೀರ

ಹಿರಿಯ ಇಬ್ಬರು ಹೆಣ್ಣುಮಕ್ಕಳನ್ನು ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆಂಟೊನೆಟ್ 1798ರಲ್ಲಿ ವುರ್ಟೆಂಬರ್ಗಿನ ಡ್ಯೂಕ್ ಅಲೆಕ್ಸಾಂಡರನನ್ನು ಮದುವೆಯಾಗಿ, ಗಂಡ ರಷ್ಯಾದ ಸೇವೆಗೆ ಸೇರಿದ ಮೇಲೆ ಬದುಕಿನ ಹೆಚ್ಚಿನ ಭಾಗವನ್ನು ಅಲ್ಲಿಯೇ ಕಳೆದು 1824ರಲ್ಲಿ ತೀರಿಕೊಂಡಳು. ಸೋಫಿ ಮಾತ್ರ ಮೇಲೆ ಹೇಳಿದ ಸಮಾನ ಜನ್ಮದ ಲೆಕ್ಕಾಚಾರದಿಂದ ಹೊರಗೆ ಉಳಿದಳು. ಆಕೆ 1804ರಲ್ಲಿ ವರಿಸಿದ್ದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದು ಆಸ್ಟ್ರಿಯಾದ ಸೇನೆಯಲ್ಲಿದ್ದ ಇಮಾನ್ಯುಯೆಲ್ ಫಾನ್ ಮೆನ್ಸ್‌ಡೋರ್ಫ್-ಪೂಯಿ ಎಂಬ ಅಧಿಕಾರಿಯನ್ನು, ತನ್ನ ಇಚ್ಛೆಯಿಂದ. ತಂದೆ ಅದಕ್ಕೆ ಒಪ್ಪಿದ. ಯೂಲಿಯಾನೆ ಮುರಿದ ಮನಸ್ಸಿನಿಂದ ಮನೆಗೆ ಬಂದು ಮೂರು ವರ್ಷವಾಗಿತ್ತು. ಸೋಫಿಯ ಮಗ ಅಲೆಕ್ಸಾಂಡರ್ 1864ರಿಂದ 1866ರವರೆಗೆ ಆಸ್ಟ್ರಿಯಾದ ವಿದೇಶಾಂಗ ಮಂತ್ರಿಯಾಗಿದ್ದ.

ಫ್ರಾಂಟ್ಸ್ ಮತ್ತು ಆಗಸ್ಟಾರ ಸಮಾಧಿ ಮಂದಿರ ಕೋಬರ್ಗಿನ ಅರಮನೆಯ ಉದ್ಯಾನದಲ್ಲಿದೆ. ಆ ಊರಿಗೆ ಹೋಗುವ ಸದಸ್ಯರು ಕೋಟೆಯ ಚಿತ್ರಭಂಡಾರವನ್ನು ನೋಡಲು ಬೆಟ್ಟ ಹತ್ತುವಾಗ ಅದೇ ಉದ್ಯಾನದ ಮೂಲಕ ಹೋಗಬಹುದು.